ಬೈಹಾರ್ಟ್, ರೋಟ್, ಉರು: ಬಾಯಿಪಾಠದ ಹಿಂದಿನ ಕಥೆ

ಪರೀಕ್ಷೆ ಹತ್ತಿರ ಬಂತೆಂದರೆ ಹೊಸಹೊಳಲಿನಿಂದ ಹಿಡಿದು ನಾಗಮಂಗಲದವರೆಗೆ ಯಾವ ಊರಿನ ಜಗಲಿಯಲ್ಲಿ ಕೂತರೂ ಕೇಳುವ ಮಾತು ಒಂದೇ: ‘ಬೈಹಾರ್ಟ್ ಮಾಡ್ಕಳೋ ಮಗಾ.’ ಇಂಗ್ಲಿಷಿನ ಗಂಧ ಇಲ್ಲದ ಅಜ್ಜಿಯೂ ಈ ಪದವನ್ನು ಸಲೀಸಾಗಿ ಹೇಳುತ್ತಾಳೆ. ಕೆಲವರ ಬಾಯಲ್ಲಿ ಅದು ‘ಬಾಯಾರ್ಟ್’ ಆಗಿದೆ. ಬಾಯಿಗೆ ಸಂಬಂಧಪಟ್ಟ ಕೆಲಸವಾದ್ದರಿಂದ ಪದದೊಳಗೆ ಬಾಯಿ ಬಂದು ಕೂತಿತೋ ಏನೋ, ಕೇಳಲು ಚೆನ್ನಾಗಿದೆ.

ಇದೇ ಕೆಲಸವನ್ನು ಬೈಯಬೇಕಾದಾಗ ಮಾತ್ರ ಓದಿದವರು ಇನ್ನೊಂದು ಇಂಗ್ಲಿಷ್ ಪದ ತೆಗೆಯುತ್ತಾರೆ. ಅದು ‘ರೋಟ್’. ರೋಟ್ ಲರ್ನಿಂಗ್ ಎಂದರೆ ಅರ್ಥ ತಿಳಿಯದೆ, ಯಂತ್ರದ ಹಾಗೆ, ಹೇಳಿದ್ದನ್ನೇ ಹೇಳಿ ಹೇಳಿ ತಲೆಗೆ ತುಂಬಿಕೊಳ್ಳುವುದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಇದರಿಂದ ಬಿಡಿಸಬೇಕು ಎಂದು ತನ್ನ ಮೂಲತತ್ವಗಳಲ್ಲೇ ಬರೆದುಕೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಹೇಳಿತು. ಹಾಗೆ ನೋಡಿದರೆ ಅರ್ಧ ಶತಮಾನದಿಂದ ಯಾವ ಶಿಕ್ಷಣ ವರದಿ ತೆಗೆದರೂ ಈ ಪದಕ್ಕೆ ಒಂದು ಏಟು ಬಿದ್ದೇ ಇರುತ್ತದೆ. ಏಟು ತಿಂದೂ ತಿಂದೂ ಅದು ನಮ್ಮ ಶಾಲೆಯ ಬೆಂಚಿನ ಮೇಲೇ ಕೂತಿದೆ. ಹಾಗಾದರೆ ಈ ಪದ ಎಲ್ಲಿಂದ ಬಂತು, ನಮ್ಮಲ್ಲಿ ಈ ಕೆಲಸಕ್ಕೆ ಏನನ್ನುತ್ತಿದ್ದರು, ಯಾರು ಮಾಡುತ್ತಿದ್ದರು ಎಂದು ಹುಡುಕಿಕೊಂಡು ಹೊರಟೆವು.

ಮೊದಲು ‘ಬೈಹಾರ್ಟ್’ ಮುಗಿಸಿಬಿಡೋಣ. ಅದು ಸುಲಭ. ಹಾರ್ಟ್ ಎಂದರೆ ಹೃದಯ. ನೆನಪು ಇರುವುದು ತಲೆಯಲ್ಲಲ್ಲ, ಎದೆಯಲ್ಲಿ ಎಂದು ಹಳೆಯ ಕಾಲದ ಯುರೋಪಿನವರು ನಂಬಿದ್ದರು. ಫ್ರೆಂಚರು ಇವತ್ತಿಗೂ ಬಾಯಿಪಾಠಕ್ಕೆ ‘ಪಾರ್ ಕರ್’ ಎನ್ನುತ್ತಾರೆ, ಎದೆಯಿಂದ ಎಂದು. ಮೊಬೈಲಿನಲ್ಲಿ ನಾವು ಒತ್ತುವ ‘ರೆಕಾರ್ಡ್’ ಎಂಬ ಪದದೊಳಗೂ ಲ್ಯಾಟಿನ್ನಿನ ‘ಕೋರ್’, ಅಂದರೆ ಹೃದಯ, ಅಡಗಿದೆ. ರೆಕಾರ್ಡ್ ಎಂದರೆ ಮೂಲದಲ್ಲಿ ಮತ್ತೆ ಎದೆಗೆ ತಂದುಕೊಳ್ಳುವುದು. ಈ ಪದದಲ್ಲಿ ಬೈಗುಳ ಇಲ್ಲ. ಇಷ್ಟಪಟ್ಟ ಹಾಡನ್ನು ಎದೆಯಲ್ಲಿ ಇಟ್ಟುಕೊಂಡವನಿಗೂ ಅದೇ ಮಾತು.

‘ರೋಟ್’ ಅಷ್ಟು ಸುಲಭಕ್ಕೆ ಸಿಕ್ಕುವುದಿಲ್ಲ. ಸುಮಾರು 1300ರಿಂದ ಇಂಗ್ಲಿಷಿನಲ್ಲಿ ಇದೆ. ಮೊದಲಿಗೆ ಇದ್ದ ಅರ್ಥ ರೂಢಿ, ಅಭ್ಯಾಸ. ಆ ಶತಮಾನ ಮುಗಿಯುವ ಹೊತ್ತಿಗೆ ಬಾಯಿಪಾಠ ಎಂಬ ಅರ್ಥ ಗಟ್ಟಿಯಾಯಿತು. ಮೂಲದ ಬಗ್ಗೆ ಹೇಳುವ ಕಥೆಗಳು ಹಲವು. ಹಳೆಯ ಫ್ರೆಂಚಿನಲ್ಲಿ ‘ರೂಟ್’ ಅಂದರೆ ದಾರಿ, ಬಸ್ಸಿನ ರೂಟ್ ಅನ್ನುತ್ತೇವಲ್ಲ ಅದೇ. ತುಳಿದು ತುಳಿದು ಸವೆದ ಕಾಲುದಾರಿಯಲ್ಲಿ ಎತ್ತು ತಾನಾಗಿ ಮನೆಗೆ ನಡೆಯುವ ಹಾಗೆ ನಾಲಿಗೆಯೂ ನಡೆಯುತ್ತದೆ, ಅದಕ್ಕೇ ರೋಟ್ ಎಂಬುದು ಒಂದು ಕಥೆ. ‘ರೊಟೀನ್’ ಎಂಬ ಪದ ನಿಜವಾಗಿಯೂ ಆ ದಾರಿಯಿಂದಲೇ ಬಂದದ್ದು. ಲ್ಯಾಟಿನ್ನಿನ ‘ರೋಟ’ ಎಂದರೆ ಚಕ್ರ, ಗಾಣದ ಹಾಗೆ ಸುತ್ತಿದ್ದನ್ನೇ ಸುತ್ತುವುದರಿಂದ ರೋಟ್ ಎಂಬುದು ಇನ್ನೊಂದು. ‘ರೋಟ್’ ಎಂಬ ಹೆಸರಿನ ತಂತಿವಾದ್ಯವೂ ಆ ಕಾಲದಲ್ಲಿತ್ತು, ಹಾಡುವವರು ಅದನ್ನು ಹಿಡಿದು ನೆನಪಿನಿಂದ ಹಾಡುತ್ತಿದ್ದರು ಎಂದು ಅದರ ಕಡೆ ಕೈ ತೋರಿಸಿದವರೂ ಇದ್ದಾರೆ. ದೊಡ್ಡ ನಿಘಂಟುಗಳವರು ಇವು ಯಾವುದಕ್ಕೂ ಸಾಕ್ಷಿ ಸಾಲದು ಎಂದು ‘ಮೂಲ ಅನಿಶ್ಚಿತ’ ಎಂದು ಬರೆದು ಸುಮ್ಮನಾಗಿದ್ದಾರೆ. ನಮಗೆ ದಾರಿಯ ಕಥೆ ಇಷ್ಟ. ಇಷ್ಟವಾದದ್ದೆಲ್ಲ ನಿಜವಾಗುವುದಿಲ್ಲ, ಅಷ್ಟೆ.

ಹಿಂದಿ ಬಲ್ಲವರು ಇಲ್ಲೊಂದು ಮಾತು ತೆಗೆಯಬಹುದು. ಹಿಂದಿಯಲ್ಲಿ ಉರು ಹೊಡೆಯುವುದಕ್ಕೆ ‘ರಟ್ಟಾ’ ಅನ್ನುತ್ತಾರಲ್ಲ, ರಟ್ಟಾ ಮತ್ತು ರೋಟ್ ಒಂದೇ ಅಲ್ಲವೇ ಎಂದು. ಅಲ್ಲ. ‘ರಟ್ನಾ’ ಬಂದದ್ದು ಕೂಗು ಎಂಬ ಅರ್ಥದ ಸಂಸ್ಕೃತದ ‘ರಟ್’ ಧಾತುವಿನಿಂದ. ಮರಾಠಿಯವರ ‘ಘೋಕಂಪಟ್ಟಿ’ಯ ಹಿಂದೆಯೂ ಘೋಷ, ಅಂದರೆ ಗಟ್ಟಿ ದನಿಯೇ ಇದೆ. ಸದ್ದು ಒಂದೇ ಥರ ಕೇಳಿದ ಮಾತ್ರಕ್ಕೆ ನೆಂಟಸ್ತನ ಆಗುವುದಿಲ್ಲ.

‘ಬೈ ರೋಟ್’ ಎಂಬ ಮಾತನ್ನು ಬರಹದಲ್ಲಿ ಬಳಸಿದ ಹಳಬರಲ್ಲಿ ಇಂಗ್ಲಿಷ್ ಕವಿ ಚಾಸರ್ ಒಬ್ಬ. ಅವನು ತೀರಿಕೊಂಡದ್ದು 1400ರಲ್ಲಿ. ‘ಕ್ಯಾಂಟರ್‌ಬರಿ ಟೇಲ್ಸ್’ನಲ್ಲಿ ಅವನು ಹೇಳುವ ಒಂದು ಕಥೆಯಲ್ಲಿ ಏಳು ವರ್ಷದ ಒಬ್ಬ ಹುಡುಗ ಬರುತ್ತಾನೆ. ಶಾಲೆಯಲ್ಲಿ ದೊಡ್ಡ ಹುಡುಗರು ಲ್ಯಾಟಿನ್ ಭಾಷೆಯಲ್ಲಿ ಮೇರಿ ಮಾತೆಯ ಸ್ತೋತ್ರ ಹಾಡುವುದು ಈ ಪುಟ್ಟನ ಕಿವಿಗೆ ಬೀಳುತ್ತದೆ. ಲ್ಯಾಟಿನ್ ಅವನಿಗೆ ಗೊತ್ತಿಲ್ಲ. ಆದರೂ ಹತ್ತಿರ ಹತ್ತಿರ ಹೋಗಿ, ಕಿವಿಗೊಟ್ಟು, ಮೊದಲ ಚರಣವನ್ನು ಪೂರ್ತಿ ರೋಟ್ ಮಾಡಿಕೊಳ್ಳುತ್ತಾನೆ. ಆಮೇಲೆ ದೊಡ್ಡ ಹುಡುಗನೊಬ್ಬನ ಮುಂದೆ ಮಂಡಿಯೂರಿ, ಅಣ್ಣಾ ಇದರ ಅರ್ಥ ಹೇಳಿಕೊಡು ಎಂದು ಬೇಡುತ್ತಾನೆ. ಆ ದೊಡ್ಡವನು ಹಾಡು ಇಂಥದ್ದರ ಬಗ್ಗೆ ಎಂದು ಮೇಲೆ ಮೇಲೆ ಹೇಳಿ, ನಾನು ಹಾಡು ಕಲಿತಿದ್ದೇನೆ, ವ್ಯಾಕರಣ ನನಗೂ ಅಷ್ಟಕ್ಕಷ್ಟೇ ಎಂದುಬಿಡುತ್ತಾನೆ. ಆ ಕಥೆ ಮುಂದೆ ಯಹೂದಿಗಳ ಮೇಲಿನ ದ್ವೇಷದ ಕಥೆಯಾಗುತ್ತದೆ, ಆ ಭಾಗವನ್ನು ಮೆಚ್ಚುವಂತಿಲ್ಲ. ಆದರೆ ಈ ಇಬ್ಬರು ಹುಡುಗರನ್ನು ನೋಡಿದಾಗ ನಮಗೆ ಆರುನೂರು ವರ್ಷ ಹಿಂದಿನ ಇಂಗ್ಲೆಂಡ್ ನೆನಪಾಗಲಿಲ್ಲ. ನಮ್ಮ ಹೋಬಳಿಯ ಒಂಬತ್ತನೇ ಕ್ಲಾಸು ನೆನಪಾಯಿತು. ಬಾರದ ಭಾಷೆಯ ಪಾಠ, ಅರ್ಥ ಕೇಳಿದರೆ ಹೇಳಲಾಗದ ಮೇಲಿನವರು.

ಇನ್ನು ನಮ್ಮ ಪದಗಳಿಗೆ ಬರೋಣ. ಇಂಗ್ಲಿಷರು ನೆನಪನ್ನು ಎದೆಯಲ್ಲಿಟ್ಟರೆ ನಾವು ಅದನ್ನು ಬಾಯಲ್ಲಿ, ಗಂಟಲಲ್ಲಿ ಇಟ್ಟೆವು. ಬಾಯಿಪಾಠ, ಕಂಠಪಾಠ. ಉರು ಹೊಡಿ, ಗಟ್ಟು ಮಾಡು ಎಂಬುದೂ ಉಂಟು. ತಮಿಳರೂ ‘ಉರುಪ್ಪೋಡು’ ಅನ್ನುತ್ತಾರೆ. ಕಲಿತದ್ದನ್ನು ಮೇಷ್ಟ್ರ ಮುಂದೆ ನಿಂತು ಹೇಳುವುದಕ್ಕೆ ನಾವು ಬಳಸುವ ಪದವಂತೂ ಸೊಗಸು: ‘ಒಪ್ಪಿಸು’. ಸಾಲ ಒಪ್ಪಿಸಿದ ಹಾಗೆ, ಕಂದಾಯ ಒಪ್ಪಿಸಿದ ಹಾಗೆ, ಪಾಠ ಒಪ್ಪಿಸುವುದು. ಕೊಟ್ಟದ್ದು ಕೊಟ್ಟ ಹಾಗೇ ವಾಪಸು ಬರಬೇಕು, ಕಾಳು ಕಡಿಮೆಯಾಗಬಾರದು.

‘ಓದು’ ಎಂಬ ಪದವನ್ನು ಸ್ವಲ್ಪ ತಿರುಗಿಸಿ ನೋಡಿ. ಈಗ ಅದಕ್ಕೆ ಕಣ್ಣಿನಿಂದ ಅಕ್ಷರ ನೋಡುವುದು ಎಂಬ ಅರ್ಥವೇ ಮುಂದೆ ನಿಂತಿದೆ. ಮೂಲದಲ್ಲಿ ಅದು ಬಾಯಿಯ ಕೆಲಸ: ಉಚ್ಚರಿಸು, ಗಟ್ಟಿಯಾಗಿ ಹೇಳು. ತಮಿಳಿನ ‘ಓದು’ ಇವತ್ತಿಗೂ ಮಂತ್ರ, ಸ್ತೋತ್ರ ಪಠಿಸುವುದಕ್ಕೇ ಹೆಚ್ಚು. ಮದುವೆ ಮನೆಯಲ್ಲಿ ಮುಯ್ಯಿ ‘ಓದಿಸುವುದು’ ಅನ್ನುತ್ತೇವಲ್ಲ, ಇಂಥವರು ಇಷ್ಟು ಕೊಟ್ಟರು ಎಂದು ಗಟ್ಟಿಯಾಗಿ ಕೂಗಿಸುವುದು, ಅಲ್ಲಿ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಜನ ಉದ್ದೇಶವಿಟ್ಟು ಓದದೆಯೂ ಕಾವ್ಯ ಬಳಸುವುದರಲ್ಲಿ ಜಾಣರು ಎಂದು ಹೊಗಳುತ್ತದೆ. ಪುಸ್ತಕ ಮುಟ್ಟದವರ ಕಿವಿ ಮತ್ತು ಬಾಯಿ ಎಷ್ಟು ಪಳಗಿದ್ದವು ಎಂಬುದಕ್ಕೆ ಇದಕ್ಕಿಂತ ಹಳೆಯ ಸರ್ಟಿಫಿಕೇಟು ಬೇಕೇ?

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನವನ್ನು ಈ ಕಣ್ಣಿನಿಂದ ಒಮ್ಮೆ ನೋಡಬೇಕು. 13ನೇ ಶತಮಾನದ ನಡುವಿನಲ್ಲಿ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ ಆದ ಗುಡಿ. ಹೊರಗೋಡೆಯ ಕೆಳಗಿನ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿಯ ಸಾಲುಗಳ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆ ಗೇಣುದ್ದದ ಶಿಲ್ಪಗಳಲ್ಲಿ ಸಾಗುತ್ತದೆ. ಕಥೆ ಮೊದಲೇ ಬಾಯಲ್ಲಿದ್ದವನಿಗೆ ಮಾತ್ರ ಆ ಗೋಡೆ ಮಾತಾಡುತ್ತದೆ. ಕಥೆ ಗೊತ್ತಿಲ್ಲದವನಿಗೆ ಅಲ್ಲಿ ಕಾಣುವುದು ಬಿಲ್ಲು ಹಿಡಿದ ಒಬ್ಬ, ರಥದಲ್ಲಿ ಇನ್ನೊಬ್ಬ, ಅಷ್ಟೇ. ಸುತ್ತು ಹಾಕುತ್ತಾ ನೋಡಿದ ಆ ಕಾಲದ ರೈತನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಇವತ್ತು ಸೆಲ್ಫಿ ತೆಗೆದು ಹೋಗುವ ಡಿಗ್ರಿ ಆದವರಿಗಿಂತ ಹೆಚ್ಚು ಅವನಿಗೆ ‘ಓದಲು’ ಬರುತ್ತಿತ್ತು. ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಊರಿನ ಹೆಸರೂ ಅಂಥದ್ದೇ. ಹಳಗನ್ನಡದಲ್ಲಿ ಪೊಳಲ್ ಎಂದರೆ ಪಟ್ಟಣ. ಅದು ಹೊಳಲು ಆಯಿತು. ಹೊಸಹೊಳಲು ಅಂದರೆ ಹೊಸ ಪಟ್ಟಣ. ದಿನಕ್ಕೆ ಹತ್ತು ಸಲ ಬಸ್ ಕಂಡಕ್ಟರ್ ಕೂಗುವ, ರೇಷನ್ ಕಾರ್ಡಿನಲ್ಲಿ ಬರೆದಿರುವ ಹೆಸರನ್ನು ನಾವೆಲ್ಲ ಅರ್ಥ ಕೇಳದೆ ಬಾಯಿಪಾಠ ಮಾಡಿಕೊಂಡಿದ್ದೇವೆ.

ಬಾಯಿಪಾಠವನ್ನೇ ಒಂದು ವಿದ್ಯೆಯಾಗಿ ತುದಿಗೆ ಒಯ್ದವರು ವೇದ ಕಲಿಸುವವರು. ನಮಗೆ ಹತ್ತಿರದ ಮೇಲುಕೋಟೆಯಲ್ಲಿ ಇದರ ಪಳೆಯುಳಿಕೆ ಅಲ್ಲ, ಜೀವಂತ ರೂಪವೇ ಇದೆ. ಅಕ್ಷರ ಒಂದೂ ತಪ್ಪಬಾರದು, ಸ್ವರವೂ ತಪ್ಪಬಾರದು ಎಂದು ಅವರು ಕಂಡುಕೊಂಡ ಉಪಾಯ ಪದಗಳನ್ನು ಹಿಂದೆ ಮುಂದೆ ಹೆಣೆಯುವುದು. ನಮ್ಮದೇ ಮಾತಿನಲ್ಲಿ ಹೇಳಿದರೆ ತಿಳಿಯುತ್ತದೆ. ‘ರಾಗಿ ಮುದ್ದೆ ಸಾರು’ ಎಂಬ ಮೂರು ಪದ ತೆಗೆದುಕೊಳ್ಳಿ. ಕ್ರಮಪಾಠದಲ್ಲಿ: ರಾಗಿ ಮುದ್ದೆ, ಮುದ್ದೆ ಸಾರು. ಜಟಾಪಾಠದಲ್ಲಿ ಜಡೆ ಹೆಣೆದ ಹಾಗೆ: ರಾಗಿ ಮುದ್ದೆ, ಮುದ್ದೆ ರಾಗಿ, ರಾಗಿ ಮುದ್ದೆ. ಘನಪಾಠದಲ್ಲಿ: ರಾಗಿ ಮುದ್ದೆ, ಮುದ್ದೆ ರಾಗಿ, ರಾಗಿ ಮುದ್ದೆ ಸಾರು, ಸಾರು ಮುದ್ದೆ ರಾಗಿ, ರಾಗಿ ಮುದ್ದೆ ಸಾರು. ಹೀಗೆ ಸಾವಿರಾರು ಮಂತ್ರ. ಇದನ್ನು ಪೂರೈಸಿದವನೇ ಘನಪಾಠಿ. ಒಂದು ಪದ ಜಾರಿದರೆ ಹಿಂದಕ್ಕೆ ಬರುವಾಗ ಸಿಕ್ಕಿಬೀಳುತ್ತದೆ. ತಪ್ಪು ಹಿಡಿಯುವ ಲೆಕ್ಕ ಪಾಠದ ಒಳಗೇ ಇದೆ. ವೇದ ಪಠಣದ ಪರಂಪರೆಯನ್ನು ಯುನೆಸ್ಕೋ 2003ರಲ್ಲಿ ಮಾನವಕುಲದ ಸಂಪತ್ತು ಎಂದು ಘೋಷಿಸಿದ್ದು ಇದಕ್ಕೇ.

ಮೇಲುಕೋಟೆಯಲ್ಲಿ ಕೇಳುವ ಆಳ್ವಾರರ ತಮಿಳು ಪಾಶುರಗಳ ಹಿಂದೆಯೂ ಇಂಥದ್ದೇ ಒಂದು ಪ್ರತೀತಿ ಇದೆ. ನಾಲ್ಕು ಸಾವಿರ ಪದ್ಯಗಳು ಕಳೆದುಹೋಗಿದ್ದವಂತೆ. ನಾಥಮುನಿಗಳಿಗೆ ಸಿಕ್ಕಿದ್ದು ಮಧುರಕವಿಯ ಹನ್ನೊಂದು ಪದ್ಯ ಮಾತ್ರ. ಅದನ್ನೇ 12,000 ಸಲ ಹೇಳಿದಾಗ ನಮ್ಮಾಳ್ವಾರರು ಒಲಿದು ಉಳಿದದ್ದನ್ನೆಲ್ಲ ಕೊಟ್ಟರಂತೆ. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಹೇಳಿ ಹೇಳಿ ಕಳೆದದ್ದನ್ನು ವಾಪಸು ತರಬಹುದು ಎಂಬ ನಂಬಿಕೆ ಎಷ್ಟು ಆಳದ್ದು ಎಂಬುದಷ್ಟು ಇದರಿಂದ ಗೊತ್ತಾಗುತ್ತದೆ.

ಆದರೆ ಈ ವಿದ್ಯೆಯನ್ನು ಹೊಗಳುವಾಗ ಒಂದು ಮಾತು ನುಂಗಬಾರದು. ಬರೆದಿಡದೆ ಬಾಯಲ್ಲೇ ಇಟ್ಟುಕೊಂಡದ್ದಕ್ಕೆ ಕಾಪಾಡುವ ಉದ್ದೇಶ ಇದ್ದ ಹಾಗೇ ಕಾವಲು ಹಾಕುವ ಉದ್ದೇಶವೂ ಇತ್ತು. ಹೆಂಗಸರಿಗೆ, ಶೂದ್ರರಿಗೆ ಅದು ಕಿವಿಗೂ ಬೀಳಬಾರದು ಎಂದು ಧರ್ಮಶಾಸ್ತ್ರಗಳು ಕಟ್ಟಪ್ಪಣೆ ಮಾಡಿದ್ದವು. ಪುಸ್ತಕವಾದರೆ ಯಾರ ಕೈಗಾದರೂ ಸಿಕ್ಕೀತು, ಗಂಟಲಿಗೆ ಬೀಗ ಹಾಕುವುದು ಸುಲಭ.

ಅರ್ಥವಿಲ್ಲದ ಪಾಠವನ್ನು ಮೊದಲು ಬೈದವರು ಇಂಗ್ಲಿಷರು ಅಂದುಕೊಂಡಿದ್ದರೆ ಅದೂ ಸರಿಯಲ್ಲ. ವೇದದ ಪದಗಳಿಗೆ ಅರ್ಥ ಬರೆದ ಯಾಸ್ಕನ ‘ನಿರುಕ್ತ’ದಲ್ಲೇ ಅರ್ಥ ತಿಳಿಯದೆ ವೇದ ಹೇಳುವವನನ್ನು ಹೊರೆ ಹೊತ್ತ ಕಂಬಕ್ಕೆ ಹೋಲಿಸಿದ್ದಾರೆ. ವೈದ್ಯಶಾಸ್ತ್ರದ ‘ಸುಶ್ರುತ ಸಂಹಿತೆ’ ಇನ್ನೂ ಖಾರ: ಅರ್ಥ ತಿಳಿಯದೆ ಶಾಸ್ತ್ರ ಓದಿದವನು ಗಂಧದ ಕಟ್ಟಿಗೆ ಹೊತ್ತ ಕತ್ತೆ, ಭಾರ ಗೊತ್ತು, ಪರಿಮಳ ಗೊತ್ತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಒಂದು ವಚನದಲ್ಲಿ ಗಿಳಿಯನ್ನು ತಂದರು. ಗಿಳಿ ಎಷ್ಟು ಓದಿದರೇನು, ತನ್ನನ್ನು ಹಿಡಿಯಲು ಬೆಕ್ಕು ಬರುತ್ತಿರುವುದು ಅದಕ್ಕೆ ತಿಳಿಯುವುದಿಲ್ಲವಲ್ಲ ಎಂದರು. ನಾವು ಇವತ್ತಿಗೂ ಹೇಳುವ ‘ಗಿಳಿಪಾಠ’ಕ್ಕೆ ಇದಕ್ಕಿಂತ ಚೂಪಾದ ವ್ಯಾಖ್ಯಾನ ನಮಗೆ ಸಿಕ್ಕಿಲ್ಲ. ಗಿಳಿಯ ತಪ್ಪು ಮಾತು ಕಲಿತದ್ದಲ್ಲ. ಬೆಕ್ಕು ಬಂದಾಗ ಆ ಮಾತು ಕೆಲಸಕ್ಕೆ ಬಾರದ್ದು.

ಆರೂವರೆ ಶತಮಾನ ಕಳೆದ ಮೇಲೆ ಅದೇ ಗಿಳಿ ಬಳ್ಳಾರಿಯ ಕಲೆಕ್ಟರ್ ಕಚೇರಿಯಲ್ಲಿ ಬಂದು ಕೂತಿತು. ಈ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಮುತ್ತಜ್ಜನ ಮುತ್ತಜ್ಜಂದಿರ ಶಾಲೆ ಹೇಗಿತ್ತು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಚಿತ್ರ ಸಿಗುವುದು ಅಪರೂಪ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಡಳಿತದ ಜಿಲ್ಲೆಗಳಲ್ಲಿ ಎಷ್ಟು ಶಾಲೆ ಇವೆ, ಏನು ಕಲಿಸುತ್ತಾರೆ ಎಂದು ಲೆಕ್ಕ ಕೇಳಿದ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ನಮ್ಮ ಸೀಮೆ ಮೈಸೂರು ಅರಸರದು, ಹಾಗಾಗಿ ಈ ಲೆಕ್ಕದಲ್ಲಿ ನಮ್ಮ ಊರುಗಳು ಬರಲಿಲ್ಲ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್ಬೆಲ್ ತೆಲುಗು ವ್ಯಾಕರಣ ಬರೆದಿದ್ದ ಮನುಷ್ಯ, ಭಾಷೆಯ ರುಚಿ ಗೊತ್ತಿದ್ದವನು. 1823ರ ಆಗಸ್ಟಿನಲ್ಲಿ ಅವನು ಕಳಿಸಿದ ವರದಿಯಲ್ಲಿ ಬರೀ ಅಂಕಿ ಇಲ್ಲ, ಶಾಲೆಯ ಒಳಗಿನ ದಿನವೇ ಇದೆ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅದರಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಉಳಿದ 23 ಬ್ರಾಹ್ಮಣರು ಮಾತ್ರ ಕಲಿಯುವ ಜಾಗಗಳು. ಒಟ್ಟು ಓದುವ ಮಕ್ಕಳು 6,641. ಅಂದರೆ ಸುಮಾರು 140 ಜನಕ್ಕೆ ಒಂದು ಮಗು. ಬಡತನ ಹೆಚ್ಚಿ ಜನ ಮಕ್ಕಳನ್ನು ಕಳಿಸಲಾಗದೆ ಶಾಲೆಗಳು ಸೊರಗುತ್ತಿವೆ ಎಂದು ಅವನೇ ಬರೆದ.

ಶಾಲೆ ಬೆಳಗಿನ ಆರು ಗಂಟೆಗೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಅದು ಮರ್ಯಾದೆ. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ಬೈಗುಳವೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು. ನಾಲ್ಕನೆಯವನಿಗೆ ಎರಡು. ಹೀಗೆ ಒಬ್ಬೊಬ್ಬರಿಗೂ ಒಂದೊಂದು ಏರುತ್ತಾ ಹೋಗುತ್ತಿತ್ತು. ತಡವಾಗಿ ಬಂದವನ ಅಂಗೈಯ ಗತಿ ನೀವೇ ಊಹಿಸಿ. ಸೋಮಾರಿಗೆ ಕೈ ಎರಡನ್ನೂ ಕಟ್ಟಿ ಸೂರಿಗೆ ನೇತುಹಾಕುವುದು, ಬಸ್ಕಿ ಹೊಡೆಸುವುದು. ಕೋದಂಡ ಹಾಕುವುದು ಎಂದು ಹಳಬರು ಹೇಳುತ್ತಿದ್ದುದು ಇದನ್ನೇ.

ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡಬೇಕು. ಆಮೇಲೆ ಓಲೆಗರಿ, ಕಾಗದ, ಹಲಿಗೆ, ಕಡತ. ಕಡತ ಅಂದರೆ ಈಗಿನ ಆಫೀಸು ಫೈಲಲ್ಲ. ಬಟ್ಟೆಗೆ ಗಂಜಿ ಹಾಕಿ, ಪುಸ್ತಕದ ಹಾಗೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದು ಮಾಡಿದ ಕಪ್ಪು ಹಲಗೆ. ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಈ ಬಳಪದ ಹೆಸರೇ ಹೊಯ್ಸಳರ ಗುಡಿ ಕಡೆದ ಮೆದುಕಲ್ಲಿಗೂ ಇದೆಯಲ್ಲ, ಬಳಪದ ಕಲ್ಲು. ನಮ್ಮ ಹೊಸಹೊಳಲಿನ ಗುಡಿಯೂ ಅದರದೇ.

ದೊಡ್ಡ ಹುಡುಗರು ಸಣ್ಣವರಿಗೆ ಹೇಳಿಕೊಡುತ್ತಿದ್ದರು, ಅಯ್ಯನವರು ಮೇಲಿನವರನ್ನು ನೋಡಿಕೊಳ್ಳುತ್ತಿದ್ದರು. ಈ ಕ್ರಮವನ್ನು ಕ್ಯಾಂಪ್ಬೆಲ್ ಮನಸಾರೆ ಹೊಗಳಿದ, ಇಂಗ್ಲೆಂಡಿನವರು ಇದನ್ನು ನಕಲು ಮಾಡಿದ್ದು ಸರಿಯಾಗಿಯೇ ಇದೆ ಎಂದ. ಅದು ನಿಜವೂ ಹೌದು. ಮದ್ರಾಸಿನ ಅನಾಥಾಲಯದ ಮೇಲ್ವಿಚಾರಕ ಆಂಡ್ರ್ಯೂ ಬೆಲ್ ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆದು ಒಬ್ಬರಿಂದೊಬ್ಬರು ಕಲಿಯುವುದನ್ನು ನೋಡಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬರೆದ. ಅದು ಅಲ್ಲಿ ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು. ನಮ್ಮ ಗ್ರಾಮದ ಮರಳು ಇಂಗ್ಲೆಂಡಿನ ಬಡಮಕ್ಕಳ ಶಾಲೆಗೆ ಹೋಯಿತು ಅನ್ನಿ.

ಲೆಕ್ಕದ ಪಾಠವೂ ಬಾಯಿಪಾಠವೇ. ಮಕ್ಕಳು ದಿನಕ್ಕೆ ಎರಡು ಸಲ ಸಾಲಾಗಿ ನಿಂತು, ಒಬ್ಬ ದೊಡ್ಡ ಹುಡುಗ ಹೇಳಿದಂತೆ ಮಗ್ಗಿ, ಅಳತೆ, ತೂಕ, ಭಿನ್ನರಾಶಿ ಎಲ್ಲವನ್ನೂ ಒಕ್ಕೊರಲಿನಿಂದ ಹೇಳಬೇಕು. ಅಯ್ಯನವರು ಭಿನ್ನರಾಶಿಗೆ ಬಹಳ ಕಷ್ಟಪಡುತ್ತಾರೆ, ಅದು ಹತ್ತರ ಲೆಕ್ಕದಲ್ಲಲ್ಲ, ನಾಲ್ಕರ ಲೆಕ್ಕದಲ್ಲಿ ಕೆಳಗಿಳಿಯುತ್ತದೆ ಎಂದು ಕ್ಯಾಂಪ್ಬೆಲ್ ಗಮನಿಸಿದ. ಇದಕ್ಕೆ ಆಮೇಲೆ ಬರುತ್ತೇವೆ.

ಗಿಳಿ ಬಂದದ್ದು ಪದ್ಯದ ಪಾಠದಲ್ಲಿ. ಮಕ್ಕಳಿಗೆ ಕಲಿಸುವ ಪುಸ್ತಕಗಳೆಲ್ಲ ಹಳೆಯ ಕಾವ್ಯದ ಭಾಷೆಯಲ್ಲಿದ್ದವು. ರಾಮಾಯಣ, ಭಾರತ, ಪುರಾಣಗಳು, ಅಮರಕೋಶ. ಮನೆಯಲ್ಲಿ ಆಡುವ ಭಾಷೆ ಬೇರೆ, ಪದ್ಯದ ಭಾಷೆ ಬೇರೆ. ಹಲವು ಅಯ್ಯನವರಿಗೇ ಅರ್ಥ ಬಾರದು. ಹಾಗಾಗಿ ಹುಡುಗ ನೂರಾರು ಪದ್ಯ ಒಂದಕ್ಷರ ತಪ್ಪದೆ ಹೇಳುತ್ತಾನೆ, ಅರ್ಥ ಮಾತ್ರ ಮಾತು ಕಲಿತ ಗಿಳಿಗೆ ಎಷ್ಟು ಗೊತ್ತೋ ಅಷ್ಟೇ ಗೊತ್ತು ಎಂದು ಕ್ಯಾಂಪ್ಬೆಲ್ ಬರೆದ. ಅವನಿಗೆ ಬಸವಣ್ಣನವರ ವಚನ ಗೊತ್ತಿರುವ ಸಂಭವ ಕಡಿಮೆ. ಗಿಳಿ ಇಬ್ಬರಿಗೂ ತಾನಾಗಿಯೇ ಸಿಕ್ಕಿದೆ.

ಗಾಂಧಿವಾದಿ ಧರ್ಮಪಾಲ್ 1983ರಲ್ಲಿ ಈ ವರದಿಗಳನ್ನೆಲ್ಲ ಒಟ್ಟುಮಾಡಿ ‘ದ ಬ್ಯೂಟಿಫುಲ್ ಟ್ರೀ’ ಎಂಬ ಪುಸ್ತಕ ತಂದ ಮೇಲೆ ಇದರ ಮೇಲೆ ದೊಡ್ಡ ಜಗಳವೇ ನಡೆದಿದೆ. ನಮ್ಮಲ್ಲಿ ಎಲ್ಲ ಚೆನ್ನಾಗಿತ್ತು, ಬ್ರಿಟಿಷರು ಕೆಡಿಸಿದರು ಎನ್ನುವವರು ಒಂದು ಕಡೆ. 140ಕ್ಕೆ ಒಂದು ಮಗು ಓದುತ್ತಿದ್ದುದನ್ನು ಚೆನ್ನಾಗಿತ್ತು ಅನ್ನುವುದು ಹೇಗೆ ಎನ್ನುವವರು ಇನ್ನೊಂದು ಕಡೆ. ನಮಗೆ ಎರಡನೆಯವರ ಪ್ರಶ್ನೆ ದೊಡ್ಡದಾಗಿ ಕಾಣುತ್ತದೆ. ಆದರೂ ಒಂದು ಮಾತು ಮೊದಲನೆಯವರ ಪರವಾಗಿ: ಗಿಳಿಪಾಠವನ್ನು ಬೈದ ಇಂಗ್ಲೆಂಡಿನಲ್ಲೇ 1862ರಿಂದ ಮಕ್ಕಳು ಇನ್‌ಸ್ಪೆಕ್ಟರ್ ಮುಂದೆ ಎಷ್ಟು ಒಪ್ಪಿಸುತ್ತಾರೋ ಅಷ್ಟಕ್ಕೆ ಶಾಲೆಗೆ ಸರ್ಕಾರದ ದುಡ್ಡು ಎಂಬ ಕಾನೂನು ಬಂತು. ಮೇಷ್ಟ್ರುಗಳು ಮಕ್ಕಳಿಗೆ ಪುಸ್ತಕವನ್ನೇ ಉರು ಹೊಡೆಸಿದರು. ಪುಸ್ತಕ ತಲೆಕೆಳಗಾಗಿ ಹಿಡಿದರೂ ಓದುವ ಮಕ್ಕಳಿದ್ದರೆಂದು ಅಲ್ಲಿ ತಮಾಷೆ ಮಾಡುತ್ತಿದ್ದರು. ಪರೀಕ್ಷೆಗೆ ದುಡ್ಡು ಕಟ್ಟಿದರೆ ಯಾವ ದೇಶದಲ್ಲೂ ಗಿಳಿಯೇ ಹುಟ್ಟುತ್ತದೆ.

ಎಲ್ಲ ಬಾಯಿಪಾಠವೂ ಗಿಳಿಪಾಠವಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ರಾತ್ರಿಯಿಡೀ ತಂಬೂರಿ ಮೀಟಿಕೊಂಡು ಹಾಡುತ್ತಾರೆ. ಅವರಲ್ಲಿ ಬಹುಪಾಲು ಜನ ದಲಿತ, ಹಿಂದುಳಿದ ಸಮುದಾಯದವರು. ಶಾಲೆಯ ಬಾಗಿಲು ತಲೆಮಾರುಗಳ ಕಾಲ ಇವರಿಗೆ ಮುಚ್ಚಿತ್ತು. ಅವರು ಅದನ್ನು ಅಕ್ಷರ ಅಕ್ಷರ ಉರು ಹೊಡೆದಿದ್ದಾರೆ ಅಂದುಕೊಂಡರೆ ತಪ್ಪು. ಇಂಥ ಹಾಡುಗಾರಿಕೆಯ ಗುಟ್ಟನ್ನು ಅಮೆರಿಕದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಎಂಬ ವಿದ್ವಾಂಸರು 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಳ್ಳಿಗಳಲ್ಲಿ ಕಂಡುಕೊಂಡರು. ನಾನು ಪ್ರತಿ ಸಲವೂ ಒಂದು ಪದ ಬದಲಾಗದಂತೆ ಹಾಡುತ್ತೇನೆ ಎಂದು ಆಣೆ ಮಾಡುತ್ತಿದ್ದ ಗಾಯಕರ ಹಾಡನ್ನು ಎರಡು ಸಲ ರೆಕಾರ್ಡ್ ಮಾಡಿ ನೋಡಿದರೆ ಎರಡೂ ಬೇರೆ ಬೇರೆ. ಅವರ ಬಾಯಲ್ಲಿ ಇದ್ದದ್ದು ಕಥೆಯ ದಾರಿ, ಧಾಟಿ, ಮತ್ತೆ ಮತ್ತೆ ಬರುವ ಸಿದ್ಧ ಸಾಲುಗಳು. ಮುಂದೆ ಕೂತ ಜನ, ಹೊತ್ತು, ಉಮೇದು ನೋಡಿಕೊಂಡು ಹಾಡುವಾಗಲೇ ಕಟ್ಟುತ್ತಿದ್ದರು. ಘನಪಾಠಿಯದು ಒಂದು ತುದಿಯಾದರೆ ಇದು ಇನ್ನೊಂದು ತುದಿ. ಎರಡೂ ಬಾಯಲ್ಲೇ ಇರುವ ವಿದ್ಯೆ.

ನಡುವೆ ಎಲ್ಲೋ ನಮ್ಮ ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ ಪದ್ಯಗಳಿವೆ. ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂತು. ಅದರ ಪದ್ಯಗಳನ್ನು ಬಾಯಲ್ಲಿ ಇಟ್ಟುಕೊಂಡ ಎಷ್ಟು ಗಂಡ ಹೆಂಡಿರು ನಮ್ಮ ಸುತ್ತ ಇದ್ದಾರೆ! ಅವರಿಗೆ ಯಾರೂ ಪರೀಕ್ಷೆ ಇಟ್ಟಿರಲಿಲ್ಲ. ಇಂಗ್ಲಿಷಿನ ‘ಹಾರ್ಟ್’ ಪದ ಸರಿಯಾಗಿ ಕೂರುವುದು ಇಲ್ಲಿ.

ಈಗ ಮತ್ತೆ ಆ ಒಂಬತ್ತನೇ ಕ್ಲಾಸಿಗೆ ಬರೋಣ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು. ಖಾಸಗಿ ಶಾಲೆಯ ಹಳದಿ ವ್ಯಾನು ಅದಕ್ಕೂ ಮುಂಚೆಯೇ ಊರೂರಿಗೆ ಬರುತ್ತಿತ್ತು. ಮಕ್ಕಳಿಗೆ ಇಂಗ್ಲಿಷ್ ಬೇಡ ಎಂದು ನಾವು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಇಂಗ್ಲಿಷ್ ಬಾರದೆ ಇಂಟರ್‌ವ್ಯೂನಿಂದ ಎದ್ದು ಬಂದವರ ನೋವು ನಮ್ಮ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಆಗುತ್ತಿರುವುದು ಇದು: ಮನೆಯಲ್ಲಿ ಇಂಗ್ಲಿಷಿನ ಒಂದು ಮಾತೂ ಕೇಳದ ಮಗು ದ್ಯುತಿಸಂಶ್ಲೇಷಣೆಯ ಉತ್ತರವನ್ನು ಗೈಡಿನಿಂದ ಐದು ಸಾಲು ಇಂಗ್ಲಿಷಿನಲ್ಲಿ ಉರು ಹೊಡೆಯುತ್ತದೆ. ಮನೆ ಹಿಂದೆಯೇ ಕಬ್ಬಿನ ಗದ್ದೆ ಇದೆ. ಎಲೆ ಬಿಸಿಲಿನಲ್ಲಿ ಊಟ ಮಾಡುತ್ತದೆ ಎಂಬುದನ್ನು ಅಲ್ಲೇ ತೋರಿಸಬಹುದು. ಯಾರೂ ತೋರಿಸುವುದಿಲ್ಲ, ಯಾಕೆಂದರೆ ಪಾಸಾಗಲು ಬೇಕಾದ್ದು ಆ ಐದು ಸಾಲು. ಪ್ರಶ್ನೆಯ ಒಂದು ಪದ ಬದಲಾದರೆ ಮಗು ನಿಂತುಬಿಡುತ್ತದೆ. ಬೆಕ್ಕು ಬಂದ ಹೊತ್ತು ಅದು. 1823ರ ಬಳ್ಳಾರಿಯ ಹುಡುಗನಿಗೆ ಹಳಗನ್ನಡ ಏನಾಗಿತ್ತೋ ಇವತ್ತಿನ ಈ ಮಗುವಿಗೆ ಇಂಗ್ಲಿಷ್ ಅದಾಗಿದೆ. ಹೊಡೆತ ಹೆಚ್ಚು ಬೀಳುವುದು ಮನೆಯಲ್ಲಿ ಓದಿದವರಿಲ್ಲದ, ಟ್ಯೂಷನ್ನಿಗೆ ದುಡ್ಡಿಲ್ಲದ ಮಕ್ಕಳಿಗೆ. ಅವರನ್ನೇ ಆಮೇಲೆ ‘ರೋಟ್ ಲರ್ನರ್’ ಎಂದು ಜರೆಯುವುದು.

ಬೇರೆ ದಾರಿ ಇಲ್ಲವೆಂದಲ್ಲ. 1995ರಲ್ಲಿ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲೇ ‘ನಲಿ ಕಲಿ’ ಶುರುವಾದದ್ದು. ಸಾಲಾಗಿ ನಿಂತು ಕೂಗುವ ಬದಲು ಕಾರ್ಡು, ಆಟ, ಹಾಡು, ಗುಂಪು. ದೊಡ್ಡ ಮಕ್ಕಳು ಸಣ್ಣವರ ಜೊತೆ ಕೂತು ಕಲಿಯುವುದು ಅದರಲ್ಲೂ ಇದೆ. ಹಳೆಯ ಮರಳ ಶಾಲೆಯಿಂದ ಉಳಿಸಿಕೊಳ್ಳಬೇಕಾದದ್ದನ್ನು ಉಳಿಸಿಕೊಂಡಿದ್ದಾರೆ ಅನಿಸುತ್ತದೆ. ಇನ್ನು ನೆನಪಿನ ಬಗ್ಗೆ ಈಚೆಗೆ ನಡೆದ ಪ್ರಯೋಗಗಳು ಹೇಳುವುದು ಕೂಡ ಹಳಬರಿಗೆ ಪೂರ್ತಿ ವಿರುದ್ಧವಾಗಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಅಮೆರಿಕದಲ್ಲಿ ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ಮಾಡಿ, ಒಂದೇ ಪಾಠವನ್ನು ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಹೇಳಿದವರಿಗೆ ವಾರದ ಮೇಲೂ ಹೆಚ್ಚು ನೆನಪಿತ್ತು ಎಂದು ತೋರಿಸಿದರು. ಪುಸ್ತಕ ಮುಚ್ಚಿ ಹೇಳುವುದು ಅಂದರೆ ನಮ್ಮ ಒಪ್ಪಿಸುವುದೇ ತಾನೆ. ಹಾಗಾಗಿ ಮಗ್ಗಿಯನ್ನು ಬೈಯಬೇಡಿ. ಏಳೆಂಟಲಿ ಎಷ್ಟು ಎಂದು ಪ್ರತಿ ಸಲ ಬೆರಳು ಎಣಿಸುವ ಮಗುವಿಗೆ ದೊಡ್ಡ ಲೆಕ್ಕ ಮಾಡಲು ಉಸಿರೇ ಉಳಿಯುವುದಿಲ್ಲ.

ಮಗ್ಗಿ ಎಂದಾಗ ಆ ನಾಲ್ಕರ ಲೆಕ್ಕ ಬಾಕಿ ಇದೆ. ಕಾಲು, ಅರೆ, ಮುಕ್ಕಾಲು ನಮಗೆಲ್ಲ ಗೊತ್ತು. ಕಾಲಿನ ಕಾಲು ಭಾಗ ವೀಸ, ಅಂದರೆ ಹದಿನಾರರಲ್ಲಿ ಒಂದು. ವೀಸದ ಕಾಲು ಭಾಗ ಕಾಣಿ, ಅರವತ್ತನಾಲ್ಕರಲ್ಲಿ ಒಂದು. ಈಗ ಹಳೆಯ ರೂಪಾಯಿ ನೆನಪಿಸಿಕೊಳ್ಳಿ: ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಒಟ್ಟು ಅರವತ್ತನಾಲ್ಕು. ರೂಪಾಯಿಯಲ್ಲಿ ಒಂದು ವೀಸ ಎಂದರೆ ಒಂದು ಆಣೆ, ಒಂದು ಕಾಣಿ ಎಂದರೆ ಒಂದು ಪೈಸೆ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಲ್ಲಿದ್ದ ಹುಡುಗ ಸಂತೆಗೆ ಹೋದರೆ ಕಾಗದ ಬೇಕಿರಲಿಲ್ಲ, ಯಾವ ಸಾಹುಕಾರನೂ ಅವನಿಗೆ ಮೋಸ ಮಾಡುವಂತಿರಲಿಲ್ಲ. ಕ್ಯಾಂಪ್ಬೆಲ್ ಕಂಡ ಆ ಕೂಗು ಗಿಳಿಯದ್ದಾಗಿರಲಿಲ್ಲ, ಅದರ ಅರ್ಥ ಸಂತೆಯಲ್ಲಿತ್ತು.

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆ ಬಂತು. ಅದರ ಹಿಂದೆಯೇ ಸೇರು ಹೋಗಿ ಕಿಲೋ ಬಂತು. ಲೆಕ್ಕ ಹತ್ತಕ್ಕೆ ತಿರುಗಿತು, ಕಾಲು ಮಗ್ಗಿ ಮುಕ್ಕಾಲು ಮಗ್ಗಿಗಳಿಗೆ ಶಾಲೆಯಲ್ಲಿ ಕೆಲಸ ಇಲ್ಲವಾಯಿತು. ಆ ವರ್ಷ ಎಂಟು ವರ್ಷದವರಾಗಿದ್ದ ಮಕ್ಕಳು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ನಿಮ್ಮ ಮನೆಯ ಅಜ್ಜನೋ ಅಜ್ಜಿಯೋ ಮುಕ್ಕಾಲು ಮಗ್ಗಿ ಹೇಳಬಲ್ಲವರಾದರೆ, ಈ ಭಾನುವಾರ ಅವರ ಪಕ್ಕ ಕೂತು ಹೇಳಿಸಿ. ಕೈಯಲ್ಲಿರುವ ಫೋನಿನಲ್ಲಿ ರೆಕಾರ್ಡ್ ಒತ್ತುವುದನ್ನು ಮರೆಯಬೇಡಿ.